ಪ್ಯಾನೆಲ್ ಆಮೇಲೆ, ಮೊದಲು ನೀರು ಎಲ್ಲಿಂದ ಅಂತ ನೋಡಿ

ಮಂಗಳೂರಿನ ಇಳಿಜಾರು ಸೈಟಿನ ಕೆಳಗಿನ ರೂಮನ್ನು ಮಲಗುವ ಕೋಣೆ ಮಾಡಬೇಕು, ಗೋಡೆಯ ಪೇಂಟ್ ಉದುರುತ್ತಿದೆ, ಪಿವಿಸಿ ಪ್ಯಾನೆಲ್ ಹೊಡೆಸಲಾ ಅಂತ ಕೇಳಿದ್ದೀರಿ. ಈಗಲೇ ಬೇಡ. ಪ್ಯಾನೆಲ್ ತೇವವನ್ನು ಮುಚ್ಚುತ್ತದೆ ಅಷ್ಟೇ, ಹಿಂದೆ ಬೂಷ್ಟು ಬೆಳೆಯುತ್ತಲೇ ಇರುತ್ತದೆ.

ಒಂದು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, 2 ದಿನ ಬಿಡಿ. ಗೋಡೆಯ ಕಡೆ ಹನಿ ಕೂತರೆ ನೀರು ಮಣ್ಣಿನಿಂದ ಬರುತ್ತಿದೆ. ರೂಮಿನ ಕಡೆ ಕೂತರೆ ಅದು ಗಾಳಿಯ ತೇವ, ಡಿಹ್ಯುಮಿಡಿಫೈಯರ್ (ಗಾಳಿಯ ತೇವ ಹೀರುವ ಯಂತ್ರ) ಇಡಿ. ಮಳೆಗಾಲದಲ್ಲಿ ಸುಮ್ನೆ ಕಿಟಕಿ ತೆರೆದಿಟ್ಟರೆ ಜಾಸ್ತಿಯೇ ಆಗುತ್ತದೆ.

ಮಣ್ಣಿನದಾದರೆ ಹೊರಗಿನ ಕೆಲಸ ಮೊದಲು. ಸೂರಿನ ನೀರು ಗೋಡೆಯ ಬುಡಕ್ಕೆ ಬೀಳಬಾರದು, ಪೈಪ್ ಹಾಕಿ ದೂರ ಬಿಡಿ. ಆಮೇಲೆ ಒಳಗಿನ ಹಳೇ ಗಾರೆ ಕೆತ್ತಿಸಿ. ಕಾಂಕ್ರೀಟ್ ಗೋಡೆಯಾದರೆ ಕ್ರಿಸ್ಟಲೈನ್ ವಾಟರ್‌ಪ್ರೂಫಿಂಗ್ (ಕಾಂಕ್ರೀಟಿನ ಸಣ್ಣ ರಂಧ್ರಗಳೊಳಗೆ ಹರಳುಗಟ್ಟಿ ನೀರು ತಡೆಯುವ ಲೇಪ) ಹಚ್ಚಿಸಬಹುದು. ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಗೋಡೆಯಾದರೆ ಇದನ್ನು ನೇರವಾಗಿ ಹಚ್ಚುವುದು ಬೇಡ, ಮೊದಲು ಸಿಮೆಂಟ್ ಗಾರೆ ಬೇಕು.