‘ಕಂಪೇರ್ಡ್ ಟು’ ಸರಿಯೋ, ‘ಕಂಪೇರ್ಡ್ ವಿತ್’ ಸರಿಯೋ?

ಪ್ರಶ್ನೆ: ಮಂಗಳೂರಿನ ಒಂದು ಗೇರುಬೀಜ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ತಿಂಗಳ ವರದಿಯಲ್ಲಿ ‘ಕಂಪೇರ್ಡ್ ಟು ಲಾಸ್ಟ್ ಮಂತ್’ ಎಂದು ಬರೆದಿದ್ದೆ. ಮ್ಯಾನೇಜರ್ ‘ಟು’ ಹೊಡೆದು ‘ವಿತ್’ ಮಾಡಿದರು. ಯಾವುದು ಸರಿ? ಹೋಲಿಸುವಾಗ ಬಳಸಲು ಒಂದೆರಡು ನುಡಿಗಟ್ಟುಗಳನ್ನೂ ತಿಳಿಸಿ.
– ಓದುಗರೊಬ್ಬರು, ಸುರತ್ಕಲ್

ಉತ್ತರ: ನೀವು ಬರೆದದ್ದು ತಪ್ಪಲ್ಲ. ಮ್ಯಾನೇಜರ್ ಸ್ವಲ್ಪ ಹಳೇ ಶಿಸ್ತಿನವರು, ಅಷ್ಟೇ. ‘ಕಂಪೇರ್ಡ್’ ಜೊತೆ ಈಗ ಎರಡೂ ನಡೆಯುತ್ತವೆ. ಹಳೆಯ ನಿಯಮ ಹೀಗಿದೆ: ಎರಡನ್ನು ಪಕ್ಕಪಕ್ಕ ಇಟ್ಟು ಹೆಚ್ಚು ಕಡಿಮೆ ನೋಡುವುದಾದರೆ ‘ವಿತ್’. ಒಂದು ಇನ್ನೊಂದರ ಹಾಗಿದೆ ಎನ್ನುವುದಾದರೆ ‘ಟು’. ಪಣಂಬೂರಿನ ಅಲೆಯ ಸದ್ದನ್ನು ಗುಡುಗಿಗೆ ಹೋಲಿಸುವಾಗ ‘ಟು’ ಬೇಕು. ಇದೇ ಅರ್ಥದ ‘ಲೈಕನ್’ ಕ್ರಿಯಾಪದಕ್ಕಂತೂ ‘ಟು’ ಒಂದೇ ಗತಿ.

ನಿಜ ಹೇಳಬೇಕೆಂದರೆ ನಮ್ಮವರು ಜಾಸ್ತಿ ಎಡವುವುದು ಇಲ್ಲಲ್ಲ, ‘ದ್ಯಾನ್’ ಹತ್ತಿರ. ಕನ್ನಡದಲ್ಲಿ ‘ಗಿಂತ’ ಒಂದಿದ್ದರೆ ಎಲ್ಲ ಕೆಲಸ ಆಗುತ್ತದೆ: ನನಗಿಂತ ಸೀನಿಯರ್, ಟೀಗಿಂತ ಕಾಫಿ ಇಷ್ಟ. ಹಾಗಾಗಿ ‘ಸೀನಿಯರ್ ದ್ಯಾನ್ ಮಿ’, ‘ಪ್ರಿಫರ್ ಕಾಫಿ ದ್ಯಾನ್ ಟೀ’ ಎಂದುಬಿಡುತ್ತೇವೆ. ಇಲ್ಲೆಲ್ಲ ‘ಟು’ ಬರಬೇಕು. ಸೀನಿಯರ್, ಜೂನಿಯರ್, ಸುಪೀರಿಯರ್ ಲ್ಯಾಟಿನ್‌ನಿಂದ ಬಂದ ಪದಗಳು. ಅಲ್ಲೇ ಹೋಲಿಕೆಯ ರೂಪ ತೊಟ್ಟುಕೊಂಡು ಬಂದಿವೆ. ‘ಮೋರ್ ಬೆಟರ್’ ಕೂಡ ಇದೇ ಥರ. ಕನ್ನಡದ ‘ಒಳ್ಳೆಯ’ ತಾನಾಗಿ ರೂಪ ಬದಲಿಸುವುದಿಲ್ಲ, ಅದಕ್ಕೆ ‘ಇನ್ನೂ’ ಸೇರಿಸುತ್ತೇವೆ. ‘ಬೆಟರ್’ ಒಳಗೆ ಹೋಲಿಕೆ ಆಗಲೇ ಇದೆಯಲ್ವಾ? ಒತ್ತು ಬೇಕಿದ್ದರೆ ‘ಮಚ್ ಬೆಟರ್’ ಎನ್ನಿ.

ಇನ್ನು ನುಡಿಗಟ್ಟು. ‘ಕಾಂಟ್ ಹೋಲ್ಡ್ ಎ ಕ್ಯಾಂಡಲ್ ಟು’ ಅಂದರೆ ನಮ್ಮ ‘ಕಾಲಿನ ಧೂಳಿಗೂ ಸಮ ಅಲ್ಲ’. ಹೋಟೆಲಿನ ನೀರುದೋಸೆಯನ್ನು ಅಮ್ಮನ ನೀರುದೋಸೆ ಎದುರು ಇಟ್ಟು ಹೀಗೆ ಹೇಳಬಹುದು. ಸಹೋದ್ಯೋಗಿಯ ಬಗ್ಗೆ ಹೇಳಿದರೆ ಜಗಳ ಗ್ಯಾರಂಟಿ. ‘ಚಾಕ್ ಅಂಡ್ ಚೀಸ್’ ಅನ್ನು ಕೆಲವರು ‘ಅಜಗಜಾಂತರ’ ಎಂದು ಅನುವಾದಿಸುತ್ತಾರೆ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಆಡು–ಆನೆಯ ಮಾತಿನಲ್ಲಿ ಒಂದು ಚಿಕ್ಕದು, ಇನ್ನೊಂದು ದೊಡ್ಡದು. ಚಾಕ್–ಚೀಸ್‌ನಲ್ಲಿ ಮೇಲು ಕೀಳು ಇಲ್ಲ, ಸ್ವಭಾವವೇ ಬೇರೆ. ಅಣ್ಣ ಮಾತುಗಾರ, ತಮ್ಮ ಮೌನಿ ಎಂಬಂಥ ಕಡೆ ಬ್ರಿಟಿಷರು ಇದನ್ನು ಬಳಸುತ್ತಾರೆ.

ನಿಮ್ಮ ವರದಿಗೆ ಉಪಯೋಗವಾಗುವುದು ‘ಆಪಲ್ಸ್ ಅಂಡ್ ಆರೆಂಜಸ್’. ಹೋಲಿಸಬಾರದ್ದನ್ನು ಹೋಲಿಸಿದಾಗ ಹೇಳುವ ಮಾತು ಇದು. ದೀಪಾವಳಿ ಸಮಯದ ಮಾರಾಟವನ್ನು ಜೂನ್ ತಿಂಗಳ ಮಾರಾಟದ ಪಕ್ಕ ಇಟ್ಟು ‘ಎಷ್ಟು ಬೆಳೆದೆವು ನೋಡಿ’ ಎಂದು ಯಾರಾದರೂ ಬೀಗಿದರೆ, ಮೀಟಿಂಗಿನಲ್ಲಿ ಧೈರ್ಯವಾಗಿ ಹೇಳಿ.