ಆ ಕಲ್ಲನ್ನು ಕಿತ್ತವರು ಯಾರು?

ಪ್ರಿಯ ಗೆಳೆಯರೇ,

1520ರಲ್ಲಿ ಕೃಷ್ಣದೇವರಾಯ, ಬಿಜಾಪುರದ ಆದಿಲ್ ಶಾಹಿಗಳ ಕೈಯಲ್ಲಿದ್ದ ನಮ್ಮ ರಾಯಚೂರು ಕೋಟೆಗೆ ಹಾಕಿದ ಮುತ್ತಿಗೆಯ ಬಗ್ಗೆ ನೀವು ಕಳಿಸಿದ ಕಥೆಯನ್ನು ಮೂರು ಸಲ ಓದಿದೆ. ಈ ಸಂಚಿಕೆಗೆ ತಗೊಳ್ಳುತ್ತಿಲ್ಲ. ವಾಪಸ್ ಕಳಿಸುವ ಕಥೆಗಳ ಜೊತೆ ಸಾಮಾನ್ಯವಾಗಿ ಎರಡು ಸಾಲು ಬರೆದಿಡುತ್ತೇನೆ. ನಿಮಗೆ ಅಷ್ಟಕ್ಕೇ ಬಿಡಲು ಮನಸ್ಸಾಗಲಿಲ್ಲ. ಕಥೆ ಓದಿ ನನಗೆ ಸಿಟ್ಟು ಬಂತು. ಕೈಲಾಗದವರು ಬರೆದಿದ್ದರೆ ಬರುತ್ತಿರಲಿಲ್ಲ.

ಭಾಷೆ ಚೆನ್ನಾಗಿದೆ. ಕುದುರೆ ಕೊಳ್ಳಲು ರಾಯ ಕೊಟ್ಟ 40,000 ಪರ್ದಾವ್ ಚಿನ್ನದ ನಾಣ್ಯಗಳೊಂದಿಗೆ ಸಯ್ಯದ್ ಮರೈಕಾರ್ ಆದಿಲ್ ಶಾಹಿ ಸೀಮೆಗೆ ಓಡಿಹೋಗುವ ಭಾಗ ಓದಿಸಿಕೊಂಡು ಹೋಗುತ್ತದೆ. ಇನ್ನು ಏಳನೇ ಪುಟಕ್ಕೆ ಬರೋಣ.

ಅಲ್ಲಿ ನೀವು ಹೀಗೆ ಬರೆದಿದ್ದೀರಿ: "ರಾಯನ ಫಿರಂಗಿಗಳು ಗುಡುಗಿದವು. ಕ್ಷಣಾರ್ಧದಲ್ಲಿ ಕೋಟೆಯ ಗೋಡೆ ಪುಡಿಪುಡಿಯಾಯಿತು."

ಎರಡೇ ವಾಕ್ಯ. ಎರಡೂ ತಪ್ಪು. ದೊಡ್ಡ ಫಿರಂಗಿಗಳು ಇದ್ದದ್ದು ಗೋಡೆಯ ಮೇಲೆ, ಕೋಟೆಯವರ ಕೈಯಲ್ಲಿ. ಮುಂದೆ ಕೆಲವು ವರ್ಷ ವಿಜಯನಗರದಲ್ಲಿದ್ದ ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿಟ್ಟ ಪ್ರಕಾರ ಅವು 200. ರಾಯನ ಕಡೆಯವರು ಗೋಡೆಯನ್ನು ಕೆಡವಿದ್ದು ಹಾರೆ, ಗುದ್ದಲಿಗಳಿಂದ. ಗೋಡೆಯ ಬುಡಕ್ಕೇ ಹೋಗಿ ನಿಂತು ಒಂದೊಂದೇ ಕಲ್ಲು ಕಿತ್ತರು. ಫಿರಂಗಿಗಳು ಎತ್ತರದಲ್ಲಿದ್ದವು. ಬುಡದಲ್ಲಿ ನಿಂತವನಿಗೆ ಅವುಗಳ ಗುಂಡು ತಾಗುತ್ತಿರಲಿಲ್ಲ. ಆದರೆ ಮೇಲಿನಿಂದ ಕಲ್ಲು ಬೀಳುತ್ತಿತ್ತು, ಬಾಣ ಬರುತ್ತಿತ್ತು. ಸಾಯುವ ಜಾಗ ಅದು. ಅಲ್ಲಿಗೆ ಜನ ಹೋಗಲಿ ಎಂದು ದಳವಾಯಿಗಳು ಏನು ಮಾಡಿದರು ಗೊತ್ತಾ? ಕಿತ್ತು ತಂದ ಕಲ್ಲನ್ನು ದುಡ್ಡು ಕೊಟ್ಟು ಕೊಂಡರು. ಕಲ್ಲಿನ ಗಾತ್ರ ನೋಡಿ ಬೆಲೆ. 10 ಪಣದಿಂದ ಶುರುವಾಗಿ 20, 30, 50 ಪಣದವರೆಗೆ. ಪಣ ಅಂದರೆ ಆಗಿನ ಸಣ್ಣ ನಾಣ್ಯ.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬಂದಿರಲಿಲ್ಲ. ಒಬ್ಬ ಮನುಷ್ಯ ತಲೆ ಮೇಲೆ ಕಲ್ಲು ಬೀಳುತ್ತಿರುವಾಗ ಸಂದಿಗೆ ಹಾರೆ ತೂರಿಸಿ, ಇದು ಹತ್ತು ಪಣದ ಕಲ್ಲೋ ಐವತ್ತರದ್ದೋ ಎಂದು ಲೆಕ್ಕ ಹಾಕುತ್ತಿದ್ದಾನೆ. ಚಿಕ್ಕದನ್ನು ಕಿತ್ತು ಬೇಗ ಓಡಬೇಕೋ, ದೊಡ್ಡದಕ್ಕೆ ಕೈ ಹಾಕಬೇಕೋ? ಇಂಥವನನ್ನು ಬಿಟ್ಟು ನೀವು "ಕ್ಷಣಾರ್ಧದಲ್ಲಿ" ಅಂತ ಬರೆದಿರಿ. ಆದಿಲ್ ಶಾಹಿ ದಂಡು ಕೃಷ್ಣೆಯ ಆಚೆ ದಡಕ್ಕೆ ಬರುವ ಹೊತ್ತಿಗೇ ಮೂರು ತಿಂಗಳು ಆಗಿಹೋಗಿತ್ತು ರೀ.

ನಾನೂ ಇದೇ ತಪ್ಪು ಮಾಡಿದವನು. ಇಪ್ಪತ್ತನೇ ವಯಸ್ಸಿನಲ್ಲಿ ಇದೇ ಊರಿನ ಒಂದು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವ ಕೆಲಸಕ್ಕಿದ್ದೆ. ಪ್ರೆಸ್ಸಿನ ಯಜಮಾನರೇ ಒಂದು ವಾರಪತ್ರಿಕೆ ನಡೆಸುತ್ತಿದ್ದರು. ಮುದಗಲ್ ಕೋಟೆಯ ಮೇಲೆ ಕಥೆ ಬರೆದು ಅವರ ಮೇಜಿನ ಮೇಲಿಟ್ಟೆ. "ಕೋಟೆ ಕುಸಿಯಿತು, ರಕ್ತದ ಹೊಳೆ ಹರಿಯಿತು" ಎಂದು ಬರೆದಿದ್ದೆ. ಅವರು ಏನೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಊರ ಹೊರಗೆ ಕಲ್ಲು ಒಡೆಯುವ ಜಾಗಕ್ಕೆ ಕರೆದುಕೊಂಡು ಹೋದರು. ಕೈಗೆ ಒಂದು ಹಾರೆ ಕೊಟ್ಟು, "ಆ ಕಲ್ಲು ಎಬ್ಬಿಸು ನೋಡೂಣು, ತಮ್ಮಾ" ಅಂದರು. ಅರ್ಧ ಗಂಟೆ ಒದ್ದಾಡಿದೆ. ಕಲ್ಲು ಅಲುಗಿತು, ಏಳಲಿಲ್ಲ. ಅಂಗೈ ಕಿತ್ತುಹೋಯಿತು. ಅಲ್ಲಿ ಕೆಲಸ ಮಾಡುತ್ತಿದ್ದ ವಯಸ್ಸಾದ ಹೆಂಗಸೊಬ್ಬಳು ಬಂದು ಹಾರೆ ಎಲ್ಲಿ ಇಡಬೇಕೆಂದು ತೋರಿಸಿದಳು. ಹಾರೆಯ ಕೆಳಗೆ ಒಂದು ಚಿಕ್ಕ ಕಲ್ಲು ಇಟ್ಟು ಒತ್ತಬೇಕಿತ್ತು. ಅಷ್ಟೇ ಇದ್ದದ್ದು.

ವಾಪಸ್ ಬರುವಾಗ ಯಜಮಾನರು, "ಈಗ ಬರಿ" ಅಂದರು. ಬೇರೆ ಮಾತಾಡಲಿಲ್ಲ. ಕಿತ್ತುಹೋದ ಕೈಯಲ್ಲೇ ಆ ವಾರ ಮೊಳೆ ಜೋಡಿಸಿದೆ. ಕಥೆಯನ್ನು ನಾಲ್ಕು ಸಲ ತಿದ್ದಿಸಿದರು. ಐದನೆಯದು ಅಚ್ಚಾಯಿತು.

ನೀವು ಇನ್ನೂ ಸುಲಭವಾಗಿ ಕಲಿಯಬಹುದು. ಕೋಟೆ ಇಲ್ಲೇ ಇದೆ. ಒಳಗೋಡೆಯ ದೊಡ್ಡ ಕಲ್ಲುಗಳ ನಡುವೆ ಗಾರೆ ಇಲ್ಲ. ಒಂದರ ಮೇಲೊಂದು ಕೂತಿವೆ, ಅಷ್ಟೇ. ಸಂದಿಯಲ್ಲಿ ಬೆರಳು ಇಟ್ಟು ನೋಡಿ. 1294ರ ಶಾಸನ ಇರುವ 41 ಅಡಿ ಉದ್ದದ ಕಲ್ಲನ್ನೂ ನೋಡಿ. ಅಂಥ ಕಲ್ಲನ್ನು ಗಾಡಿಯ ಮೇಲಿಟ್ಟು, ಜಾನುವಾರು ಸಾಲಾಗಿ ಎಳೆದು ತರುವ ಚಿತ್ರವನ್ನು ಗೋಡೆಯಲ್ಲೇ ಕೆತ್ತಿದ್ದಾರೆ. ಕಲ್ಲು ಎಳೆದದ್ದು ನೆನಪಿಡಬೇಕಾದ ಸಂಗತಿ ಎಂದು ಕಟ್ಟಿದವರಿಗೆ ಅನ್ನಿಸಿತ್ತು. ಕಿತ್ತದ್ದೂ ಅಷ್ಟೇ ದೊಡ್ಡ ಸಂಗತಿ ಅಲ್ವಾ?

ಒಂಬತ್ತನೇ ಪುಟದಲ್ಲಿ ಕೋಟೆಯ ಮುಖ್ಯಸ್ಥ ಕಿಲ್ಲೇದಾರನನ್ನು ರಾಯನ ಬಾಣದಿಂದ ಸಾಯಿಸಿದ್ದೀರಿ. ನಡೆದದ್ದು ಬೇರೆ. ಕೃಷ್ಣೆಯ ದಡದ ಯುದ್ಧ ಗೆದ್ದು ರಾಯ ಮತ್ತೆ ಕೋಟೆಗೆ ಬಂದಾಗ ಕ್ರಿಸ್ಟೊವಾವೊ ಡಿ ಫಿಗೆರೆದೊ ಎಂಬ ಪೋರ್ಚುಗೀಸನೂ ಅವನ 20 ಜನ ಬಂದೂಕುಗಾರರೂ ಜೊತೆಗೆ ಸೇರಿದರು. ಗೋಡೆ ಮೇಲೆ ತಲೆ ಕಾಣಿಸಿದರೆ ಹೊಡೆಯುತ್ತಿದ್ದರು. ಕಾವಲಿನವರು ಹಿಂದೆ ಸರಿದಂತೆ ಬುಡದಲ್ಲಿ ಹಾರೆಗಳ ಕೆಲಸ ಜೋರಾಯಿತು. ಏನಾಗುತ್ತಿದೆ ಎಂದು ನೋಡಲು ಕಿಲ್ಲೇದಾರ ಕಂಡಿಯಿಂದ ಇಣುಕಿದ. ಹಣೆಗೆ ಗುಂಡು ಬಿತ್ತು. ಮರುದಿನ ಕೋಟೆ ಶರಣಾಯಿತು. ನೋಡಿ, ಅವನ ಸಾವು ಕೂಡ ಆ ಗೋಡೆಯ ಬುಡಕ್ಕೇ ಬಂದು ಸೇರುತ್ತದೆ. ನೀವು ಬಾಣ ಬಿಟ್ಟು ಆ ಎಳೆಯನ್ನು ಕತ್ತರಿಸಿದಿರಿ.

ಇನ್ನೊಂದು ಸಾಲು: "ಏಳು ಲಕ್ಷ ಸೈನ್ಯ ಸಾಗರದಂತೆ ಸುತ್ತುವರಿಯಿತು." ಸಂಖ್ಯೆ ನೂನಿಜ್‌ನದು, ಅದು ಜಾಸ್ತಿ ಎಂದು ಅನೇಕರು ಹೇಳಿದ್ದಾರೆ. ಅದಿರಲಿ. ಆದರೆ ಸಾಗರ ಯಾಕೆ? ಇದು ಎಡೆದೊರೆ ನಾಡು. ಕೃಷ್ಣೆ ಒಂದು ಕಡೆ, ತುಂಗಭದ್ರೆ ಇನ್ನೊಂದು ಕಡೆ, ನಡುವೆ ಬಿಸಿಲು. ಕೃಷ್ಣೆಯ ಯುದ್ಧ ನಡೆದದ್ದು ಮೇ ತಿಂಗಳಲ್ಲಿ. ದಂಡಿನ ಜೊತೆ ತೊಗಲ ಚೀಲ ಹೊತ್ತ 12,000 ಜನ ನೀರಿಗೆಂದೇ ಇದ್ದರು ಎಂದು ಅದೇ ನೂನಿಜ್ ಹೇಳುತ್ತಾನೆ. ನಿಮ್ಮ ಹದಿನಾಲ್ಕು ಪುಟಗಳಲ್ಲಿ ಯಾರೂ ಒಂದು ಗುಟುಕು ನೀರು ಕುಡಿಯುವುದಿಲ್ಲ. ಕೊಪ್ಪಳದ ಗವಿಮಠದ ಜಾತ್ರೆಗೆ ಹೋಗಿದ್ದೀರಲ್ಲ? ರೊಟ್ಟಿಯ ರಾಶಿ, ಒಲೆಗಳ ಹೊಗೆ, ನೀರಿನ ಮುಂದೆ ನೂಕಾಟ. ಲಕ್ಷ ಜನ ಅಂದರೆ ನಮ್ಮ ಕಡೆಯವರಿಗೆ ಅದು. ಅದನ್ನು ಬಳಸಿಕೊಳ್ಳಿ.

ಏಳನೇ ಪುಟದಿಂದ ಮತ್ತೆ ಬರೆಯಿರಿ. ಕಲ್ಲು ಕೀಳಲು ಹೋದವನಿಗೆ ಒಂದು ಹೆಸರು ಕೊಡಿ, ಒಂದು ಊರು ಕೊಡಿ, ಆ ಪಣ ಯಾತಕ್ಕೆ ಬೇಕಿತ್ತೆಂದು ಹೇಳಿ. ರಾಜರು ಕಡಿಮೆ ಮಾತಾಡಲಿ. ಹಸ್ತಪ್ರತಿ ಇದರ ಜೊತೆಗೇ ಇಟ್ಟಿದ್ದೇನೆ. ಅಂಚಿನಲ್ಲಿ ಪೆನ್ಸಿಲ್ ಗುರುತುಗಳಿವೆ. ದಸರೆಯೊಳಗೆ ಬಂದರೆ ದೀಪಾವಳಿ ಸಂಚಿಕೆಗೆ ಜಾಗ ಇಟ್ಟುಕೊಂಡಿರುತ್ತೇನೆ.

ನಿಮ್ಮ,
ಸಂಪಾದಕ
ರಾಯಚೂರು