ಚೀಟಿ ನಂಬರ್ ಡಬಲ್ ಆಗ್ತಿದೆ ಅಂದವರಿಗೆ

ಅಣ್ಣ, ಮಂಡಿಯಲ್ಲಿ ರೈತರಿಗೆ ಕೊಡೋ ಟೊಮೇಟೊ ಚೀಟಿಗೆ ಡೇಟಾಬೇಸ್ ಟೇಬಲ್‌ನಲ್ಲಿರೋ ದೊಡ್ಡ ನಂಬರ್ ಹುಡುಕಿ, ಒಂದು ಕೂಡಿಸಿ ಹೊಸ ನಂಬರ್ ಹಾಕ್ತೀನಿ, ಇಬ್ಬರು ಒಟ್ಟಿಗೆ ಎಂಟ್ರಿ ಮಾಡಿದ ದಿನ ಡಬಲ್ ಆಯ್ತು ಅಂದಿದ್ದೀರಿ. ಆ ಪದ್ಧತೀನೇ ಬಿಟ್ಟುಬಿಡಿ.

ಕೋಲಾರದ ಒಂದು ಮಂಡಿಯಲ್ಲಿ ಲೆಕ್ಕ ನೋಡ್ತಿದ್ದಾಗ ನನಗೂ ಹಿಂಗೇ ಆಗಿತ್ತು. ಎರಡು ಕಂಪ್ಯೂಟರ್. ಇಬ್ಬರು ಹುಡುಗರಿಗೂ ಒಂದೇ ಗಳಿಗೆಯಲ್ಲಿ 4186 ಕಾಣಿಸ್ತು, ಇಬ್ಬರೂ 4187 ಅಂತ ಬರೆದರು. ಚೀಟಿ ನಂಬರ್ ಕಾಲಮ್ಮಿಗೆ ಪ್ರೈಮರಿ ಕೀ (ಒಂದೇ ನಂಬರ್ ಎರಡು ಸಲ ಬರದಂತೆ ತಡೆಯೋ ಕಟ್ಟು) ಹಾಕಿರಲಿಲ್ಲ, ಎರಡೂ ಸದ್ದಿಲ್ಲದೆ ಸೇವ್ ಆದವು. ಸಂಜೆ ನೋಡಿದರೆ ಮುಳಬಾಗಿಲು ಕಡೆಯವರ 62 ಬಾಕ್ಸ್ ಶ್ರೀನಿವಾಸಪುರದವರ ಲೆಕ್ಕಕ್ಕೆ ಸೇರಿತ್ತು. ಬೆಳಗ್ಗೆಯಿಂದ ಕಾದು ಕೂತಿದ್ದ ರೈತರ ಮುಖ ಇನ್ನೂ ಕಣ್ಣಲ್ಲಿದೆ.

ನಂಬರ್ ಕೊಡೋ ಕೆಲಸ ಡೇಟಾಬೇಸ್‌ಗೇ ಬಿಡಿ. ನಿಮ್ಮ ಡೇಟಾಬೇಸ್ ಸಾಫ್ಟ್‌ವೇರ್ ಮೈಎಸ್‌ಕ್ಯೂಎಲ್ ಆದರೆ ಆಟೋ ಇನ್‌ಕ್ರಿಮೆಂಟ್, ಪೋಸ್ಟ್‌ಗ್ರೆಸ್ 10ನೇ ಆವೃತ್ತಿ ಅಥವಾ ಅದರಿಂದೀಚೆಗಿನದಾದರೆ ಐಡೆಂಟಿಟಿ ಕಾಲಮ್. ಎರಡೂ ಹೊಸ ಸಾಲಿಗೆ ತಾವೇ ಮುಂದಿನ ನಂಬರ್ ಹಾಕತ್ತವೆ. ಎಷ್ಟು ಜನ ಒಟ್ಟಿಗೆ ಕೇಳಿದರೂ ಒಬ್ಬೊಬ್ಬರಿಗೆ ಬೇರೆ ಬೇರೆ ನಂಬರ್. ಸೇವ್ ಆದಮೇಲೆ ನಿಮ್ಮ ಚೀಟಿ ನಂಬರ್ ಯಾವುದು ಅಂತ ತಿಳಿಯೋಕೆ ಮತ್ತೆ ದೊಡ್ಡ ನಂಬರ್ ಹುಡುಕಬೇಡಿ, ಅಷ್ಟರಲ್ಲಿ ಇನ್ನೊಬ್ಬರದು ಬಂದಿರತ್ತೆ. ಮೈಎಸ್‌ಕ್ಯೂಎಲ್‌ನಲ್ಲಿ ಅದೇ ಕನೆಕ್ಷನ್‌ನಲ್ಲಿ ಲಾಸ್ಟ್ ಇನ್ಸರ್ಟ್ ಐಡಿ ಕೇಳಿ, ಪೋಸ್ಟ್‌ಗ್ರೆಸ್‌ನಲ್ಲಿ ಇನ್ಸರ್ಟ್ (ಸಾಲು ಸೇರಿಸೋ ಆದೇಶ) ಜೊತೆಗೇ ರಿಟರ್ನಿಂಗ್ ಹಾಕಿ; ನಿಮಗೆ ಸಿಕ್ಕ ನಂಬರೇ ವಾಪಸ್ ಬರತ್ತೆ.

ಎಂಟ್ರಿ ಅರ್ಧಕ್ಕೆ ರದ್ದಾದರೆ ಆ ನಂಬರ್ ವಾಪಸ್ ಬರಲ್ಲ, ನಡುವೆ ಖಾಲಿ ಉಳಿಯತ್ತೆ. ಉಳೀಲಿ, ತುಂಬೋಕೆ ಹೋಗಬೇಡಿ. ಆಡಿಟರಿಗೆ ಬಿಡದೆ ಸಾಲಾಗಿ ಬಿಲ್ ನಂಬರ್ ಬೇಕೇ ಬೇಕು ಅಂದರೆ ಅದಕ್ಕೆ ಬೇರೆ ಕಾಲಮ್ ಇಡಿ. ಒಂದೇ ಸಾಲಿನ ಕೌಂಟರ್ ಟೇಬಲ್ ಮಾಡಿ, ಆ ಸಾಲಿಗೆ ಲಾಕ್ ಹಾಕಿ, ಒಂದು ಏರಿಸಿ, ಅದೇ ಟ್ರಾನ್ಸಾಕ್ಷನ್‌ನಲ್ಲಿ (ಆದರೆ ಎಲ್ಲ ಆಗೋ, ಇಲ್ಲದಿದ್ದರೆ ಏನೂ ಆಗದ ಒಂದೇ ಕಟ್ಟಿನ ಕೆಲಸ) ಬಿಲ್ ಬರೀರಿ. ಒಬ್ಬರು ಮುಗಿಸೋ ತನಕ ಇನ್ನೊಬ್ಬರು ಕಾಯ್ತಾರೆ. ಮಂಡಿ ವ್ಯವಹಾರಕ್ಕೆ ಅಷ್ಟು ಕಾಯೋದು ಲೆಕ್ಕಕ್ಕೇ ಬರಲ್ಲ.

ಚೀಟಿ ಡಿಲೀಟ್ ಮಾಡೋ ಅಭ್ಯಾಸ ಇದ್ದರೆ ನಿಲ್ಲಿಸಿ, ‘ರದ್ದು’ ಅಂತ ಗುರುತು ಹಾಕಿ. ಮೈಎಸ್‌ಕ್ಯೂಎಲ್ 8.0ಕ್ಕಿಂತ ಹಳೇದರಲ್ಲಿ ಇನ್ನೋಡಿಬಿ (ಮೈಎಸ್‌ಕ್ಯೂಎಲ್ ಡೇಟಾ ಇಡೋ ಒಂದು ಬಗೆ) ಟೇಬಲ್ಲಿನ ಕೊನೆ ಸಾಲು ಅಳಿಸಿ ಸರ್ವರ್ ರೀಸ್ಟಾರ್ಟ್ ಮಾಡಿದರೆ ಅದೇ ನಂಬರ್ ಮತ್ತೆ ಹುಟ್ಟತ್ತೆ. ಹಳೇ ಕಾಗದ ರೈತರ ಜೇಬಲ್ಲೇ ಇರತ್ತಲ್ಲ!

ನಂಬರ್ ಮುಗಿದುಹೋಗತ್ತೆ ಅನ್ನೋ ಚಿಂತೆ ಬೇಡ, ಮಾಮೂಲಿ ಇಂಟ್ (ಪೂರ್ಣಸಂಖ್ಯೆ ಇಡೋ ಕಾಲಮ್) 2,147,483,647ರ ತನಕ ಹೋಗತ್ತೆ.

ಪ್ರೈಮರಿ ಕೀ ಹಾಕೋ ಮುಂಚೆ ಬ್ಯಾಕಪ್ ತೆಗೆದುಕೊಳ್ಳಿ. ಹಳೇ ಡಬಲ್ ನಂಬರ್ ಇದ್ದರೆ ಕೀ ಕೂರೋದೇ ಇಲ್ಲ. ಚೀಟಿ ನಂಬರ್ ಮೇಲೆ ಗ್ರೂಪ್ ಬೈ ಮಾಡಿ (ಒಂದೇ ನಂಬರಿನ ಸಾಲುಗಳನ್ನು ಗುಂಪು ಮಾಡಿ ಎಣಿಸಿ), ಒಂದಕ್ಕಿಂತ ಜಾಸ್ತಿ ಸಲ ಬಂದಿರೋದನ್ನು ಹೊರಗೆ ತೆಗೀರಿ. ಯಾವುದು ಯಾರದು ಅಂತ ಬಾಕ್ಸ್ ಲೆಕ್ಕದ ಪುಸ್ತಕಕ್ಕೆ ತಾಳೆ ನೋಡಿ ಸರಿಮಾಡಿ. ಎಷ್ಟು ಸಿಕ್ಕವು ಅಂತ ಇಲ್ಲೇ ಹಾಕಿ, ರಾತ್ರಿ ಕೂತು ನೋಡೋಣ.